ದೇವರ ಬಿಲ್ಲಿಗೆ ಕ್ಲಚ್ ವೈರು

ನಮ್ಮ ಅಡುಗೆಮನೆಯ ಹಿಂಬಾಗಿಲ ಪಕ್ಕ ಎರಡು ಮೊಳೆಗಳ ನಡುವೆ ಒಂದು ತಂತಿ ಬಿಗಿದಿದೆ. ಎರಡು ಮಸಿಬಟ್ಟೆ, ಹಾಲು ಸೋಸುವ ಒಂದು ಅರಿವೆ ಒಣಗಿಸುವಷ್ಟೇ ಅದರ ಉದ್ದ. ಬಂದವರಿಗೆ ಅದು ಬರೀ ತಂತಿ. ನನಗೆ ಗೊತ್ತು, ಅದು ಮೋಟರ್‌ಸೈಕಲ್ಲಿನ ಕ್ಲಚ್ ವೈರು. ನಮ್ಮ ಮನೆದೇವರನ್ನು ಕೂರಿಸಿದ ಜಗಲಿಯ ಮೇಲಿದ್ದ ಬೇಟೆಯ ಬಿಲ್ಲಿಗೆ ಒಂದು ವಾರ ಹೆದೆಯಾಗಿ ಸೇವೆ ಸಲ್ಲಿಸಿ, ಆಮೇಲೆ ನಿವೃತ್ತಿಯಾಗಿ ಮಸಿಬಟ್ಟೆಗೆ ಬಂದಿದೆ. ದಿನಾ ಅದರ ಮೇಲೆ ಬಟ್ಟೆ ಹರವುವಾಗ ನಗು ಬರುತ್ತದೆ. ನಕ್ಕ ತಪ್ಪಿಗೆ ಆಮೇಲೆ ಜಗಲಿಯ ಕಡೆ ತಿರುಗಿ ಕೈಮುಗಿಯುತ್ತೇನೆ. ದೇವರ ಸಾಮಾನು ನೋಡಿ, ಹಾಸ್ಯ ಮಾಡಿದರೂ ಲೆಕ್ಕಕ್ಕೆ ಹಿಡಿಯುತ್ತಾನೋ ಏನೋ ಎಂಬ ಅಳುಕು.

ನಾನು ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಿಂದ ಈ ಅಕ್ಕಿಆಲೂರಿಗೆ ಸೊಸೆಯಾಗಿ ಬಂದ ದಿನ ನಮ್ಮ ಅತ್ತೆ ನನಗೆ ಎರಡು ವಸ್ತು ತೋರಿಸಿದರು. ಒಂದು ಒಲೆ, ಇನ್ನೊಂದು ಈ ಬಿಲ್ಲು. ಮೈಲಾರಲಿಂಗನ ಹಿತ್ತಾಳೆ ಮೂರ್ತಿಯ ಹಿಂದೆ, ಗೋಡೆಗೆ ಒರಗಿ, ಎಣ್ಣೆ ಕುಡಿದು ಕುಡಿದು ಕಪ್ಪಾಗಿ ನಿಂತಿದ್ದ ಬಿದಿರಿನ ಬಿಲ್ಲು. "ರವಿವಾರಕ್ಕೊಮ್ಮಿ ಎಣ್ಣಿ, ಭಂಡಾರದ ಅರಿಷಿಣ. ಮಹಾನವಮಿಗೆ ಹೊಸಾ ಹುರಿ. ಆದ್ರ ಹೊಸಾದು ಕಟ್ಟಿದ ಮ್ಯಾಲನ ಹಳೇದು ಬಿಚ್ಚಬೇಕು ನೋಡವಾ. ಹೆದಿ ಇಲ್ಲದ ಬಿಲ್ಲು ಜಗಲಿ ಮ್ಯಾಲ ಒಂದ ಗಳಿಗಿನೂ ಇರಬಾರದು, ಮನಿಗೆ ಚಲೋ ಅಲ್ಲ," ಎಂದಿದ್ದರು. ಒಲೆಯ ಬಗ್ಗೆ ಇಷ್ಟು ವಿವರವಾಗಿ ಹೇಳಲಿಲ್ಲ. ಅದನ್ನು ನಾನೇ ಕೈ ಸುಟ್ಟುಕೊಂಡು ಕಲಿತೆ.

ಇಪ್ಪತ್ನಾಲ್ಕು ವರ್ಷ ಒಂದು ರವಿವಾರವೂ ತಪ್ಪಿಸಲಿಲ್ಲ. ಬಾಣಂತನದಲ್ಲಿ ಮಾತ್ರ ಅತ್ತೆ ಹಚ್ಚಿದರು. ಅವರು ತೀರಿಕೊಂಡ ಮೇಲೆ ಪೂರಾ ನನ್ನದೇ ಪಾಲು. ಎಣ್ಣೆ ಹಚ್ಚುವಾಗ ಅದರೊಡನೆ ಮಾತೂ ಆಡುತ್ತಿದ್ದೆ. ಗಂಡನ ಮುಂದೆ ಹೇಳಲಾಗದ್ದು, ಮಾವನ ಮುಂದೆ ಹೇಳಬಾರದ್ದು, ಎಲ್ಲವನ್ನೂ ಅದು ಕೇಳಿಸಿಕೊಂಡಿದೆ. ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ನಮ್ಮ ಮನೆಯ ಗಂಡಸರ ವಸ್ತುಗಳಲ್ಲಿ ಇಂಥ ಗುಣ ಇರುವುದು ಅದೊಂದಕ್ಕೇ.

ಬಿಲ್ಲಿನ ಕಥೆ ಹೇಳುವ ಹಕ್ಕು ನಮ್ಮ ಮಾವನವರದು. ಅವರ ಅಜ್ಜ ಹಿರೇಕೆರೂರಿನ ಕಡೆಯ ಗುಡ್ಡದಲ್ಲಿ ಇದೇ ಬಿಲ್ಲಿನಿಂದ ಒಂದೇ ಬಾಣಕ್ಕೆ ಒಂದು ಮೃಗವನ್ನು ಕೆಡವಿದ್ದರಂತೆ. ನಾನು ಮದುವೆಯಾಗಿ ಬಂದ ವರ್ಷ ಅದು ಹಂದಿಯಾಗಿತ್ತು. ಮಗಳು ರೇಣುಕಾ ಹುಟ್ಟುವ ಹೊತ್ತಿಗೆ ಚಿರತೆಯಾಯಿತು. ಅವಳು ಹಾನಗಲ್ಲಿನ ಕಾಲೇಜಿಗೆ ಸೇರುವಷ್ಟರಲ್ಲಿ ಅದರ ಮೈಮೇಲೆ ಪಟ್ಟೆಗಳು ಮೂಡಿದ್ದವು. ಕಥೆಯ ಕೊನೆಯ ಮಾತು ಮಾತ್ರ ಬದಲಾಗುತ್ತಿರಲಿಲ್ಲ: "ಐದು ಮಂದಿ ಗಂಡಸರು ಜಗ್ಗಿದ್ರೂ ಈ ಹೆದಿ ನಾಕು ಬೆರಳು ಹಿಂದ ಬರೂದಿಲ್ಲ."

ಐದು ಮಂದಿ ಗಂಡಸರು ಎಂದಾದರೂ ಜಗ್ಗಿ ನೋಡಿದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ, ಏಕೆಂದರೆ ಗಂಡಸರು ಅದನ್ನು ಮುಟ್ಟುವಂತಿಲ್ಲ. ಮನೆತನದಲ್ಲಿ ಬೇಟೆ ನಿಂತ ಮೇಲೆ ಗಂಡಸರ ಕೈ ಸೋಕಿದರೆ ಅದಕ್ಕೆ ಹಳೆಯ ಹಸಿವು ನೆನಪಾಗುತ್ತದಂತೆ. ಸೊಸೆಯಂದಿರು ಮುಟ್ಟಬಹುದು. ನಾವು ಎಣ್ಣೆ ಹಚ್ಚಬೇಕಲ್ಲ! ಯಾರೂ ಎಳೆಯಬಾರದ ಬಿಲ್ಲನ್ನು ಯಾರೂ ಎಳೆಯಲಾರರು ಎಂದು ಹೇಳಿಕೊಂಡು ಮೂರು ತಲೆಮಾರು ಹಾಯಾಗಿ ಕಳೆದವು. ಇದೂ ದೇವರ ದಯೆಯೇ ಅನ್ನಿ.

ಇಂಥ ನೆಮ್ಮದಿಯನ್ನು ಕೆಡಿಸಿದವಳು ನನ್ನ ಮಗಳು.

ರೇಣುಕಾ ಉದ್ದ. ನಮ್ಮ ಕಡೆ ಹುಡುಗಿ ಉದ್ದವಾದರೆ ಯಾರೂ ಬಾಯಿಬಿಟ್ಟು ತಪ್ಪು ಎನ್ನುವುದಿಲ್ಲ, ಸುಮ್ಮನೆ ಬಾಗಿಲ ಚೌಕಟ್ಟು ನೋಡುತ್ತಾರೆ. ಅವಳ ಕೈಗಳಂತೂ ಎಷ್ಟು ಉದ್ದವೆಂದರೆ ಸಿದ್ಧ ಉಡುಪಿನ ತೋಳು ಅವಳ ಮಣಿಕಟ್ಟು ಕಂಡಿದ್ದೇ ಇಲ್ಲ. ಶಾಲೆಯ ಕುಣಿತದಲ್ಲಿ ಯಾವಾಗಲೂ ಕೊನೆಯ ಸಾಲು. ನೋಡಲು ಬಂದ ಒಂದು ಮನೆಯವರು, "ಹುಡುಗಿ ಚಲೋ ಅದಾಳ್ರಿ, ಸ್ವಲ್ಪ ಹೆಚ್ಚಾದ್ಲು," ಎಂದು ಹೇಳಿ ಹೋದರು, ಅನ್ನಕ್ಕೆ ನೀರು ಹೆಚ್ಚಾದ ಹಾಗೆ. ಅಂಥವಳನ್ನು ಕಾಲೇಜಿನ ಆಟದ ಮಾಸ್ತರರು ಕರೆದು, "ಈ ಕೈ ಬಿಲ್ಲಿಗೆ ಹೇಳಿ ಮಾಡಿಸಿದಂಗದಾವ," ಎಂದರಂತೆ. ಆ ದಿನ ಮನೆಗೆ ಬಂದವಳು ಕನ್ನಡಿಯ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು. ನಾನು ಬಾಗಿಲ ಸಂದಿಯಿಂದ ನೋಡಿದೆ. ತನ್ನ ಕೈಗಳನ್ನು ಅವಳು ಮೊದಲ ಸಲ ಮುಚ್ಚಿಟ್ಟುಕೊಳ್ಳದೆ ನೋಡುತ್ತಿದ್ದಳು.

ತೊಂದರೆ ಏನೆಂದರೆ, ಕಾಲೇಜಿಗೆ ಇದ್ದುದು ಒಂದೇ ಬಿಲ್ಲು. ಹುಡುಗಿಯರು ಹನ್ನೆರಡು ಜನ. ದಿನಕ್ಕೆ ತಲಾ ಆರು ಬಾಣ. ಒಂದು ತಿಂಗಳ ನಂತರ ಬಿಲ್ಲುಗಾರಿಕೆಯ ತಂಡಕ್ಕೆ ನಾಲ್ಕು ಜನರನ್ನು ಆರಿಸುತ್ತಾರೆ.

"ಆರು ಬಾಣದಾಗ ಕೈ ಹದಕ್ಕ ಬರೂದರೊಳಗ ಸರದಿ ಮುಗದು ಹೊಕ್ಕೈತಿ, ಅವ್ವಾ. ಜಗಲಿ ಮ್ಯಾಗಿನ ಬಿಲ್ಲು ಒಂದ ತಿಂಗಳ ಕೊಡಸು."

"ಅದು ದೇವರದವಾ!"

"ದೇವರಿಗೇನ ಈ ತಿಂಗಳ ಆಟ ಐತೇನು? ಸುಮ್ನ ನಿಂತೈತಲ್ಲ."

ನಾನು ಗಲ್ಲ ಬಡಿದುಕೊಂಡೆ. ಆದರೆ ಕನ್ನಡಿಯ ಮುಂದೆ ಚಾಚಿದ್ದ ಆ ಕೈಗಳು ಕಣ್ಣಿಗೆ ಕಟ್ಟಿದ್ದವು. ಮಾವನವರಿಗೆ ಚಹಾ ಕೊಡುವಾಗ ಮಾತು ತೆಗೆದೆ. ಅವರು ಲೋಟ ಕೆಳಗಿಟ್ಟರು. ಅಷ್ಟರಲ್ಲೇ ನನಗೆ ಉತ್ತರ ತಿಳಿಯಿತು.

"ಅದು ಬ್ಯಾಟಿ ಬಿಲ್ಲು, ಗೌರವ್ವಾ. ಹುಡುಗೂರ ಆಟದ ಸಾಮಾನಲ್ಲ."

"ನಾ ಏನೂ ಹೇಳೂದಿಲ್ರಿ ಮಾವಾರ. ದೇವರನ್ನ ಕೇಳೂಣು. ದೇವರು ಬ್ಯಾಡಂದ್ರ ಮುಗೀತು."

ಅವರು ಲೋಟ ಮತ್ತೆ ಕೈಗೆತ್ತಿಕೊಂಡರು. "ಕೇಳು. ಹೂ ಹಚ್ಚು," ಎಂದರು.

ನಮ್ಮಲ್ಲಿ ದೊಡ್ಡ ಮಾತೇನಿದ್ದರೂ ಹೂ ಹಚ್ಚಿ ಕೇಳುವ ಪದ್ಧತಿ. ಮೂರ್ತಿಯ ಎರಡು ಭುಜಕ್ಕೆ ನೀರಿನಲ್ಲಿ ಅದ್ದಿದ ಒಂದೊಂದು ಸೇವಂತಿಗೆ ಎಸಳು ಅಂಟಿಸಿ, ಮನಸ್ಸಿನಲ್ಲಿ ಬೇಡಿಕೊಂಡು ಕೂಡುವುದು. ಬಲಗಡೆಯದು ಮೊದಲು ಬಿದ್ದರೆ ದೇವರ ಒಪ್ಪಿಗೆ. ಎಡಗಡೆಯದು ಬಿದ್ದರೆ ಆ ಸುದ್ದಿ ಬಿಟ್ಟುಬಿಡಬೇಕು. ಹೊಲ, ಮದುವೆ, ಆಪರೇಷನ್, ಎಲ್ಲಕ್ಕೂ ಇದೇ.

ಈಗ ನಾನು ನಿಮ್ಮ ಮುಂದೆ ಒಂದು ತಪ್ಪೊಪ್ಪಿಗೆ ಮಾಡಬೇಕು. ಎಡಗಡೆಯ ಎಸಳನ್ನು ನಾನು ನೀರಿನಲ್ಲಿ ಚೆನ್ನಾಗಿ ನೆನೆಸಿದೆ. ಬಲಗಡೆಯದನ್ನು ನೆನೆಸಿದ ಮೇಲೆ ಸೆರಗಿನ ತುದಿಗೆ ಒಂದಿಷ್ಟು, ಒಂದೇ ಇಷ್ಟು, ತಾಗಿಸಿದೆ. ದೇವರಿಗೆ ಮೋಸ ಮಾಡಬೇಕೆಂದಲ್ಲ. ನಮ್ಮ ಮನಸ್ಸು ಯಾವ ಕಡೆಗಿದೆ ಎಂದು ಅವನಿಗೂ ಗೊತ್ತಾಗಲಿ ಎಂದು. ನಾಲ್ಕು ಬಾರಿ ಮೈಲಾರನ ಜಯಕಾರ "ಏಳುಕೋಟಿ" ಅನ್ನುವಷ್ಟರಲ್ಲಿ ಬಲಗಡೆಯ ಎಸಳು ಬಿತ್ತು. ನನ್ನ ಎದೆಯೊಳಗೆ ಅದಕ್ಕಿಂತ ದೊಡ್ಡದೇನೋ ಬಿತ್ತು. ಹಿಂದೆ ಕೂತಿದ್ದ ಮಾವನವರು ಬಿದ್ದ ಎಸಳನ್ನೇ ನೋಡಿದರು. ಆಮೇಲೆ, "ದೇವರು ಹೂಂ ಅಂದಾನ. ಆದ್ರ ಹಿತ್ತಲದಾಗ ಅಷ್ಟ. ಬಿಲ್ಲು ಬೀದಿ ಹೊಸ್ತಿಲಾ ದಾಟಬಾರದು," ಎಂದು ಎದ್ದರು.

ಒಪ್ಪಿಗೆ ಸಿಕ್ಕ ಸುದ್ದಿ ಕೇಳಿ ನಮ್ಮ ಮನೆಯವರು ಅಂಗಡಿಯಿಂದ ಮಧ್ಯಾಹ್ನವೇ ಬಂದರು. ಅವರದು ಸೈಕಲ್ಲು, ಮೋಟರ್‌ಸೈಕಲ್ಲು, ಪಂಪ್‌ಸೆಟ್ಟು ರಿಪೇರಿ ಅಂಗಡಿ. ಲೋಕದಲ್ಲಿ ನಟ್ಟು ಬೋಲ್ಟಿಗೆ ಬಗ್ಗದ್ದು ಏನೂ ಇಲ್ಲ ಎಂಬುದು ಅವರ ಧರ್ಮ. ನನ್ನ ಮಂಡಿನೋವಿಗೂ ಒಮ್ಮೆ ಗ್ರೀಸ್ ಡಬ್ಬಿ ಹಿಡಿದು ಬಂದಿದ್ದರು. "ದೇವರ ಹೂಂ ಅಂದ ಮ್ಯಾಲ ಗಂಡಸರೂ ಮುಟ್ಟಬಹುದು," ಎಂದು ಅವರೇ ಕಾಯಿದೆ ತಿದ್ದಿಕೊಂಡರು. ಎರಡು ಬೆರಳಿನಲ್ಲಿ ಪುಂಡಿನಾರಿನ ಹುರಿಯನ್ನು ತಟ್ಟಿ ಕೇಳಿ, "ಕೊಳತೈತಿ. ಇದು ಬ್ಯಾಟಿಗೆ ಆತು, ಗುರಿ ಆಟಕ್ಕ ನಡಿಯೂದಿಲ್ಲ. ಬದಲ್ ಮಾಡಬೇಕು. ನೀವು ಯಾರೂ ನಡಕ ಮಾತಾಡಬ್ಯಾಡ್ರಿ," ಎಂದರು.

ಯಾರೂ ನಡುವೆ ಮಾತಾಡಲಿಲ್ಲ. ಅದೇ ತಪ್ಪಾಯಿತು.

ಸಂಜೆಯೊಳಗೆ ಬಿಲ್ಲಿಗೆ ಹುರಿಯ ಜಾಗದಲ್ಲಿ ಕ್ಲಚ್ ವೈರು ಬಂತು, ಎರಡು ತುದಿಗೂ ಬೋಲ್ಟು. ಪದ್ಧತಿ ತಪ್ಪಬಾರದೆಂದು ನಾನು ಬೆನ್ನಿಗೆ ನಿಂತು, ವೈರು ಬಿಗಿದ ಮೇಲೆಯೇ ಹಳೆಯ ಹುರಿ ಬಿಚ್ಚಿಸಿದೆ. ಬಾಣ ಕೂಡಲು ಸೈಕಲ್ಲಿನ ಬ್ರೇಕಿನ ರಬ್ಬರು. ಗುರಿ ನೋಡಲು ಸೈಕಲ್ಲಿನ ಒಂದು ಕಡ್ಡಿ, ತುದಿಗೆ ಕೆಂಪು ಹೊಳೆಯುವ ಬಿಲ್ಲೆ. ಹಿಡಿಕೆಗೆ ಹ್ಯಾಂಡಲಿನ ಹಸಿರು ರಬ್ಬರು, ಅದಕ್ಕೆ ಗೊಂಡೆ ಬೇರೆ. ಜಗಲಿಯ ಮೇಲೆ ಅಷ್ಟು ಗಂಭೀರವಾಗಿ ನಿಂತಿದ್ದ ವಸ್ತು ನಾಲ್ಕು ತಾಸಿನಲ್ಲಿ ಪೆಡಲ್ ಇಲ್ಲದ ಸೈಕಲ್ಲಾಗಿತ್ತು. ನಾನು ಕಣ್ಣು ಮುಚ್ಚಿ ಕ್ಷಮೆ ಕೇಳಿದೆ. ಗಂಟೆ ಕಟ್ಟಲಿಲ್ಲವಲ್ಲ ಎಂದು ಸಮಾಧಾನವನ್ನೂ ತಂದುಕೊಂಡೆ.

ಗುರಿಗೆ ಏನಾದರೂ ದಪ್ಪನೆಯದು ಬೇಕಲ್ಲ? ನನ್ನ ಮದುವೆಯಲ್ಲಿ ತವರಿನಿಂದ ಬಂದ ಹತ್ತಿಯ ಗಾದಿ ಗಟ್ಟಿಯಾಗಿ ಅಟ್ಟದ ಮೇಲೆ ಬಿದ್ದಿತ್ತು. ನನ್ನನ್ನು ಒಂದು ಮಾತೂ ಕೇಳದೆ ಅದನ್ನು ಹಿತ್ತಲ ಗೋಡೆಗೆ ನೇತುಹಾಕಿ, ಸುಣ್ಣದಿಂದ ಸುತ್ತು ಬರೆದು, ನಡುವೆ ಕುಂಕುಮದ ಬೊಟ್ಟು ಇಟ್ಟರು. ಕುಂಕುಮ ಮಾತ್ರ ನನ್ನ ಡಬ್ಬಿಯದು.

ಬಾಣಗಳು ಬಿಲ್ಲಿನ ಜೊತೆಗೇ ಇಟ್ಟಿದ್ದ ಅಜ್ಜನ ಕಾಲದ ಬೇಟೆಯ ಬಾಣಗಳು. ಮೊದಲನೆಯದು. ರೇಣುಕಾ ಉಸಿರು ಹಿಡಿದು ಎಳೆದಳು. ವೈರು ಬೆರಳಿಗೆ ಕೊರೆಯಿತು. ಬಿಟ್ಟಳು. 'ಟಣ್' ಎಂದು ವೈರು ಬಂದು ಅವಳ ಮುಂಗೈಗೆ ಬಡಿಯಿತು, ಬಾಣ ಗಾದಿಯ ಕಡೆಗೆ ಬೆನ್ನು ತಿರುಗಿಸಿ ಗೋಡೆ ಹಾರಿ ಪಕ್ಕದ ಮನೆಗೆ ಹೋಯಿತು. ಆಮೇಲೆ ಗೋಡೆಯ ಮೇಲೆ ಪಕ್ಕದ ಮನೆಯ ಗಂಗವ್ವನ ತಲೆ ಮೂಡಿತು.

"ಯವ್ವಾ ರೇಣವ್ವಾ, ನನ್ನ ಸಂಡಿಗಿ ನಿನಗ ಕಾಡಹಂದಿ ಕಂಡಂಗ ಕಂಡೂವೇನ?"

"ತಪ್ಪಾತ್ರಿ ಅತ್ತಿ, ಹತ್ತಿತೇನ್ರಿ?"

"ಹತ್ತಿಲ್ಲ. ಹತ್ತಿದ್ರ ನಾ ಈ ಗ್ವಾಡಿ ಮ್ಯಾಲ ಬರ್ತಿದ್ದಿಲ್ಲ, ನೀವ ಬರಬೇಕಾಗತಿತ್ತು. ತಗೋ ನಿನ್ನ ಬಾಣ. ಸಂಡಿಗಿ ಹಿಟ್ಟು ಮೆತ್ತೇತಿ, ತೊಳಕೊ."

ಸಂಡಿಗೆಗೆ ಬಿತ್ತು, ಗಂಗವ್ವನಿಗಲ್ಲ. ಆ ದಿನದ ದಯೆಯ ಲೆಕ್ಕದಲ್ಲಿ ಅದನ್ನೇ ಮೊದಲು ಎಣಿಸಿದೆ.

ಐದು ದಿನ ಹೀಗೇ ನಡೆಯಿತು. ಮುಂಗೈ ಮೇಲೆ ಬದನೆಕಾಯಿ ಬಣ್ಣದ ಬರೆ. ನಮ್ಮ ಮನೆಯವರು ದಿನಕ್ಕೊಂದು ಬೋಲ್ಟು ಬದಲಿಸಿದರು. ಬಾಣ ದಿನಕ್ಕೊಂದು ಹೊಸ ದಿಕ್ಕು ಕಂಡುಕೊಂಡಿತು. ಐದನೆಯ ದಿನ ಕಟ್ಟೆಯ ಮೇಲೆ ಕೂತಿದ್ದ ಮಾವನವರು, ಸಿಟ್ಟಿಲ್ಲದೆ, ಬಹಳ ಸಮಾಧಾನದಿಂದ ಹೇಳಿದರು: "ಸುಮ್ನ ಬಿಡವಾ ತಂಗಿ. ನಿನ್ನ ತಪ್ಪಲ್ಲ. ಆ ಬಿಲ್ಲು ಹೆಣಮಕ್ಕಳ ಕೈಗೆ ಒಲಿಯೂದಿಲ್ಲ."

ರೇಣುಕಾ ಬಿಲ್ಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಸೆಟೆದು ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಹೋದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿತ ಜೋರಾಯಿತು. ಹೆಣ್ಣುಮಕ್ಕಳ ಕೈಗೆ ಒಲಿಯುವುದಿಲ್ಲವಂತೆ. ಹಾಗಾದರೆ ಇಪ್ಪತ್ನಾಲ್ಕು ವರ್ಷ ರವಿವಾರ ರವಿವಾರ ಅದು ಯಾರ ಕೈಯಲ್ಲಿ ಮೈ ಕೊಟ್ಟು ಕೂತಿತ್ತು? ಆ ರೊಟ್ಟಿ ಅಂಚು ಒಡೆದು ನಕಾಶೆಯಂತಾಯಿತು. ಮಾವನವರ ತಾಟಿಗೆ ಅದನ್ನೇ ಹಾಕಿದೆ.

ರೊಟ್ಟಿ ಬಡಿಯುತ್ತಲೇ ನನಗೊಂದು ಸದ್ದು ನೆನಪಾಯಿತು. ಠಂಯ್... ಠಂಯ್... ನಾನು ಸಣ್ಣವಳಿದ್ದಾಗ ಹಿರೇಬೆಂಡಿಗೇರಿಗೆ ವರ್ಷಕ್ಕೊಮ್ಮೆ ಸವಣೂರಿನಿಂದ ಹತ್ತಿ ಹಿಂಜುವ ದಾವಲಸಾಬರು ಬರುತ್ತಿದ್ದರು. ಅವರ ಹೆಗಲ ಮೇಲೆ ಆಳೆತ್ತರದ ಬಿಲ್ಲು. ನಮ್ಮ ಪಡಸಾಲೆಯಲ್ಲಿ ಅದನ್ನು ತೂಗುಹಾಕಿ, ಗಟ್ಟಿಯಾದ ಹತ್ತಿಯ ಗುಡ್ಡೆಗೆ ಅದರ ನರದ ಹುರಿ ತಾಗಿಸಿ, ಮರದ ಬಡಿಗೆಯಿಂದ ಮೀಟುತ್ತಿದ್ದರು. ಕಲ್ಲಿನಂಥ ಹತ್ತಿ ಮೋಡವಾಗಿ ಏಳುತ್ತಿತ್ತು. ನಾವು ಮಕ್ಕಳು ಬೈಸಿಕೊಂಡರೂ ಅಲ್ಲೇ ಕೂತು, ಹುಬ್ಬು ರೆಪ್ಪೆಗೆಲ್ಲ ಹತ್ತಿ ಮೆತ್ತಿಕೊಂಡು ಮುದುಕ ಮುದುಕಿಯರಾಗಿ ಕೆಮ್ಮುತ್ತ ಕೋಲು ಊರಿ ಓಡಾಡುತ್ತಿದ್ದೆವು. ಈಗ ನಿಜವಾಗಿ ಹುಬ್ಬಿನಲ್ಲಿ ಬಿಳಿ ಬಂದಿದೆ. ಆಟ ಅಷ್ಟು ಖುಷಿ ಕೊಡುವುದಿಲ್ಲ. ನನ್ನ ಮದುವೆಯ ಗಾದಿ ಮಾಡಿದವರೂ ಅವರೇ. ಈ ನಾಲ್ಕು ತಾಲೂಕಿನಲ್ಲಿ ದಿನವಿಡೀ ಬಿಲ್ಲು ಹಿಡಿದು ಹೊಟ್ಟೆ ಹೊರೆದ ಮನುಷ್ಯ ಯಾರು? ಬೇಟೆಗಾರರ ಮನೆತನದವರಾದ ನಾವಂತೂ ಅಲ್ಲ.

ಮರುದಿನ ಬಸ್ಸು ಬದಲಿಸಿ ಸವಣೂರಿಗೆ ಹೋದೆ. ಮನೆಯಲ್ಲಿ, ಅಲ್ಲಿನ ಹೆಸರುವಾಸಿ ತಿಂಡಿ ಖಾರ ತರಲು ಹೋಗುತ್ತೇನೆಂದೆ. ಸುಳ್ಳಾಗಬಾರದೆಂದು ಖಾರವನ್ನೂ ತಂದೆ. ದಾವಲಸಾಬರ ಅಂಗಡಿಯಲ್ಲಿ ಈಗ ಕರೆಂಟಿನ ಯಂತ್ರ ಹತ್ತಿ ಹಿಂಜುತ್ತದೆ. ಹಳೆಯ ಬಿಲ್ಲು ಗೋಡೆಯ ಗೂಟದಲ್ಲಿ ತೂಗುತ್ತಿತ್ತು, ಹುರಿ ಸಡಿಲಾಗಿ. ನನ್ನ ಕಥೆಯನ್ನೆಲ್ಲ ಕೇಳಿ ಅವರು, "ಕ್ಲಚ್ ವೈರ್!" ಎಂದು ಎರಡು ಸಲ ತಮ್ಮಷ್ಟಕ್ಕೇ ಅಂದುಕೊಂಡರು. "ಬರ್ತೇನಿ ಮಗಳ. ಹೊಸ್ತಿಲಾ ಬಿಲ್ಲು ದಾಟೂ ಹಂಗಿಲ್ಲ, ನಾ ದಾಟಬಹುದಲ್ಲ?" ಎಂದರು.

ಸಂತೆಯ ದಿನ ಬಂದರು. ಹಿತ್ತಲಿಗೆ ಕಾಲಿಡುತ್ತಲೇ ಅವರ ಕಣ್ಣು ಗೋಡೆಗೆ ಹೋಯಿತು.

"ಮಗಳ, ಅದು ನಾ ಮಾಡಿದ ಗಾದಿ ಅಲ್ಲೇನು? ಏನ ತಪ್ಪ ಮಾಡಿತ್ತವಾ ಅದು, ಗಲ್ಲಿಗೆ ಹಾಕೀರಿ?"

ನಮ್ಮ ಮನೆಯವರು ಸ್ಪ್ಯಾನರ್ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ದಾವಲಸಾಬರು ಬಿಲ್ಲನ್ನು ಮಡಿಲ ಮೇಲೆ ಇಟ್ಟುಕೊಂಡು ಗೊಂಡೆ, ಬಿಲ್ಲೆ, ಕಡ್ಡಿ ಒಂದೊಂದೇ ಬಿಚ್ಚಿ ಪಕ್ಕಕ್ಕಿಟ್ಟರು. ಬ್ರೇಕಿನ ರಬ್ಬರನ್ನು ಒತ್ತಿ ನೋಡಿ, "ಇದೊಂದು ಇರ್ಲಿ. ಬಾಣಕ್ಕ ಕುಂಡ್ರಾಕ ಜಾಗ ಬೇಕು," ಎಂದರು. ನಮ್ಮ ಮನೆಯವರ ಮುಖಕ್ಕೆ ಜೀವ ಬಂತು. ಆಮೇಲೆ ವೈರಿನ ಬೋಲ್ಟಿಗೆ ಕೈ ಹಾಕಿದಾಗ ಮಾವನವರು ಕಟ್ಟೆಯಿಂದ ಎದ್ದೇಬಿಟ್ಟರು.

"ಹೆದಿ ಇಳಸಬ್ಯಾಡ್ರಿ! ನಮ್ಮ ಮನ್ಯಾಗ ಇಳಸಿದ್ದ ಇಲ್ಲ."

"ಹೌದ್ರಿ ಯಜಮಾನ್ರ? ಎಷ್ಟು ವರ್ಷದಿಂದ ಇಳಸಿಲ್ರಿ?"

"ನಮ್ಮ ಅಜ್ಜನ ಕಾಲದಿಂದ," ಎಂದರು ಮಾವನವರು. ಎದೆ ಮುಂದೆ ಬಂದಿತ್ತು.

ದಾವಲಸಾಬರು ಬಿದಿರಿನ ಬೆನ್ನು ಸವರಿದರು. "ಪದ್ಧತಿ ಕೆಡಸಾಕಲ್ರಿ. ನಾಡಿ ನೋಡಿ ಮತ್ತ ಏರಸ್ತೇನಿ," ಎಂದು ಮೆಲ್ಲಗೆ ಬಿಲ್ಲನ್ನು ಮೊಣಕಾಲಿಗೊತ್ತಿ ವೈರು ತೆಗೆದರು. ಮೂರು ತಲೆಮಾರಿನ ನಂತರ ಬಿಲ್ಲಿಗೆ ಬಿಡುಗಡೆಯಾಯಿತು. ಈಗ ಚಿಮ್ಮಿ ನೆಟ್ಟಗಾಗುತ್ತದೆ ಎಂದು ನಾವೆಲ್ಲ ಹಿಂದೆ ಸರಿದು ನಿಂತೆವು.

ಅದು ಚಿಮ್ಮಲಿಲ್ಲ. ಹೆದೆ ಇದ್ದಾಗ ಎಷ್ಟು ಬಾಗಿತ್ತೋ ಹೆಚ್ಚುಕಡಿಮೆ ಅಷ್ಟೇ ಬಾಗಿ, ಹೊಲದಲ್ಲಿ ಕಳೆ ತೆಗೆದು ದಣಿದ ಬೆನ್ನಿನ ಹಾಗೆ, ದಾವಲಸಾಬರ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಕಟ್ಟಿಗಿನೂ ದಣೀತೈತ್ರಿ," ಎಂದರು ಅವರು. "ನಮ್ಮ ಬಿಲ್ಲಿಗೆ ಸಂಜಿಮುಂದ ಹುರಿ ಸಡ್ಲ ಮಾಡತೇವಿ, ಇಲ್ಲಂದ್ರ ಕಸುವು ಹೊಕ್ಕೈತಿ. ಇದರದು ಹೋಗೇತ್ರಿ. ಇದಕ್ಕ ಈಗ ಮೊಲಾನೂ ಬೀಳೂದಿಲ್ಲ." ಎಂದವರು ಬಿದಿರಿನ ಮೇಲೆ ಉಗುರು ಎಳೆದು, ಕಣ್ಣ ಹತ್ತಿರ ಹಿಡಿದು ನೋಡಿದರು. "ಆದ್ರ ಒಂದ ಕೂದಲೆಳಿಯಷ್ಟೂ ಸೀಳಿಲ್ಲ ನೋಡ್ರಿ. ಇಷ್ಟು ವರ್ಷ ಬಾಗಿ ನಿಂತ ಬಿದಿರು ಇದು, ಎಂದೋ ಒಡದು ಹೋಗಬೇಕಿತ್ತು. ಎಣ್ಣಿ ಯಾರು ಹಚ್ಚತಿದ್ರು?"

"ನಾನ್ರಿ," ಎಂದೆ. ಶಾಲೆಯಲ್ಲಿ ತಪ್ಪು ಮಾಡಿ ಎದ್ದು ನಿಂತ ಹುಡುಗಿಯ ದನಿ ಬಂತು.

ಗಾದಿ ಹೊಲಿಯುವ ದಪ್ಪ ನೂಲನ್ನು ಹನ್ನೆರಡು ಎಳೆ ಹೊಸೆದು, ಜೇನುಮೇಣ ಸವರಿ, ಅಲ್ಲೇ ಹೊಸ ಹೆದೆ ಮಾಡಿದರು. ಬಿಲ್ಲಿನ ನಡುವಿಗೂ ಹೆದೆಗೂ ಮಧ್ಯೆ ಒಂದು ಮುಷ್ಟಿ, ಅದರ ಮೇಲೆ ನೆಟ್ಟಗೆ ಎತ್ತಿದ ಹೆಬ್ಬೆರಳು, ಅಷ್ಟು ಅಂತರ ಬರುವವರೆಗೆ ಹುರಿಯನ್ನು ಗಿಡ್ಡ ಮಾಡಿದರು. ಬಾಣದ ಹಿಂಬದಿ ದಿನಾ ಒಂದೇ ಜಾಗದಲ್ಲಿ ಕೂಡಲೆಂದು ಹೆದೆಗೆ ಕೆಂಪು ದಾರದ ಗಂಟು ಹಾಕಿದರು. ಬೇಟೆಯ ಬಾಣಗಳಿಗೆ ಒಂದೊಂದಕ್ಕೆ ಒಂದೊಂದು ಉದ್ದ. ಎಲ್ಲವನ್ನೂ ರೇಣುಕಾಳ ಕೈಗೆ ಅಳೆದು ಸಮ ಕತ್ತರಿಸಿ, ಭಾರದ ಕಬ್ಬಿಣದ ಮೊನೆ ಕಿತ್ತು ಸಣ್ಣ ಮೊಳೆ ಕೂಡಿಸಿದರು. ಕೊನೆಗೆ ಬರೀ ಎರಡು ಬೆರಳಿನಿಂದ ಹೆದೆಯನ್ನು ಗಲ್ಲದವರೆಗೆ ಎಳೆದು ತೋರಿಸಿದರು. ಐದು ಮಂದಿ ಗಂಡಸರು ಜಗ್ಗಿದರೂ ಬಾರದ ಹೆದೆ! ಎಪ್ಪತ್ತು ದಾಟಿದ ಮುದುಕರ ಎರಡು ಬೆರಳು!

"ಬ್ಯಾಟಿ ಬಿಲ್ಲು ಗುರಿ ಆಟಕ್ಕ ಹೊಂದಸಬೇಕಂದ್ರ ನಾ ಇದನ್ನ ಎರಡು ದಿನ ಕೆತ್ತಿ ಕೆತ್ತಿ ಮೆತ್ತಗ ಮಾಡಬೇಕಿತ್ತು," ಎಂದು ಬಿಲ್ಲನ್ನು ರೇಣುಕಾಳಿಗೆ ಕೊಟ್ಟರು. "ನಿಮ್ಮವ್ವ ಮೊದಲ ಮಾಡಿ ಇಟ್ಟಾಳ. ತಗೊ. ಆಟ ಮುಗದ ಕೂಡಲೆ ಹೆದಿ ಇಳಸು, ಇದ್ದ ಕಸುವು ಉಳೀಲಿ."

ನಾನು ಅವಳ ಮುಂಗೈಗೆ ಹಳೆಯ ಸೀರೆಯ ಪಟ್ಟಿ ಸುತ್ತಿದೆ. ಬಾಣ ಗಾದಿಗೆ ಹೋಗಿ ನಾಟಿತು. ಬೊಟ್ಟಿಗಿಂತ ಒಂದು ಗೇಣು ಮೇಲೆ, ಆದರೆ ಗಾದಿಗೇ! ಎರಡನೆಯದೂ ನಾಟಿತು. ನಮ್ಮ ಮನೆಯವರು, "ಬ್ರೇಕ್ ರಬ್ಬರು ಚಲೋ ಹಿಡದೈತಿ," ಎಂದರು. ಗಂಗವ್ವ ಗೋಡೆಯ ಮೇಲಿಂದ, "ಇನ್ನ ಸಂಡಿಗಿ ಹಾಕ್ಲೇನು?" ಎಂದಳು. ನಕ್ಕು ತಿರುಗಿ ನೋಡಿದರೆ ಕಟ್ಟೆಯ ಮೇಲೆ ಮಾವನವರು ಇರಲಿಲ್ಲ.

ಅಂದಿನಿಂದ ಅವರು ಕಥೆ ಹೇಳುವುದನ್ನು ಬಿಟ್ಟರು. ಮನೆಗೆ ಬಂದವರು, "ಆ ಹುಲಿದೇನು ಅಜ್ಜಾ?" ಎಂದು ಕೇಳಿದರೆ, "ಹಳೇ ಮಾತು ಬಿಡು," ಎನ್ನುತ್ತಿದ್ದರು. ಚಹಾ ಅರ್ಧ ಲೋಟದಲ್ಲೇ ಉಳಿಯುತ್ತಿತ್ತು. ಇಪ್ಪತ್ನಾಲ್ಕು ವರ್ಷ ಆ ಕಥೆಗೆ ನಾನು ಸೆರಗಿನ ಮರೆಯಲ್ಲಿ ನಕ್ಕವಳು. ಈಗ ಮನೆಯಲ್ಲಿ ಹುಲಿ ನಿಜವಾಗಿಯೂ ಸತ್ತುಬಿದ್ದ ಹಾಗಿತ್ತು. ರವಿವಾರ ಎಣ್ಣೆ ಹಚ್ಚುವಾಗ ಬಿಲ್ಲಿಗೇ ಹೇಳಿದೆ: ನಾನು ಭಕ್ತಿಯಿಂದ ಮಾಡಿದ್ದು, ಅಪ್ಪಾ. ಬಿಗಿದಿಟ್ಟದ್ದೂ ಭಕ್ತಿ, ಎಣ್ಣೆ ಹಚ್ಚಿದ್ದೂ ಭಕ್ತಿ. ಒಂದು ನಿನ್ನ ಕಸುವು ತಿಂದಿತು, ಒಂದು ನಿನ್ನ ಜೀವ ಉಳಿಸಿತು. ಯಾವುದಕ್ಕೆ ಪುಣ್ಯ ಬರೆದುಕೊಳ್ಳಲಿ? ಎಂದಿನಂತೆ ಅದು ನಡುವೆ ಬಾಯಿ ಹಾಕಲಿಲ್ಲ.

ರೇಣುಕಾ ದಿನಾ ಅರವತ್ತು ಬಾಣ ಬಿಟ್ಟಳು. ಗಾದಿಯ ನಡುವೆ ಕುಂಕುಮದ ಜಾಗದಲ್ಲಿ ತೂತು ಬಿತ್ತು. ಆಯ್ಕೆಗೆ ಎರಡು ದಿನ ಇದೆಯೆನ್ನುವಾಗ ಕಾಲೇಜಿನ ಬಿಲ್ಲಿನ ತೋಳು ಮುರಿಯಿತು. ಬೇರೆ ಕಾಲೇಜಿನಿಂದ ಒಂದನ್ನು ಎರವಲು ತರುತ್ತಾರೆ, ಅದನ್ನೇ ಎಲ್ಲರೂ ಹಿಡಿಯಬೇಕು, ಇಲ್ಲವೆ ಸ್ವಂತದ್ದಿದ್ದವರು ತರಬಹುದು ಎಂದರಂತೆ ಮಾಸ್ತರರು.

"ಗೊತ್ತಿಲ್ಲದ ಬಿಲ್ಲು ಹಿಡದ್ರ ನಾ ಮತ್ತ ಸಂಡಿಗಿಗೆ ಹೊಡೀತೇನಿ, ಅವ್ವಾ," ಎಂದಳು. ದನಿ ಸಣ್ಣದಾಗಿತ್ತು. ಕೈ ಮತ್ತೆ ಬೆನ್ನ ಹಿಂದೆ ಹೋಗ ನೋಡುತ್ತಿತ್ತು.

ಬಿಲ್ಲು ಹೊಸ್ತಿಲು ದಾಟಬೇಕು. ಮಾವನವರನ್ನು ಯಾವ ಬಾಯಿಂದ ಕೇಳಲಿ? ಅವರ ಹುಲಿಯನ್ನು ಕೊಂದವಳು ನಾನೇ. ಆಯ್ಕೆಯ ದಿನ ಬೆಳಗ್ಗೆ ಮಿಂದು ಮಡಿಯುಟ್ಟು ಎರಡು ಎಸಳು ತೆಗೆದುಕೊಂಡೆ. ಒಮ್ಮೆ ಕೈಚಳಕ ತೋರಿಸಿದ್ದಕ್ಕೆ ಇಷ್ಟೆಲ್ಲ ಆಯಿತು, ಈ ಸಲ ನ್ಯಾಯವಾಗಿಯೇ ಕೇಳುತ್ತೇನೆ ಎಂದು ಎರಡನ್ನೂ ಒಂದೇ ಬಟ್ಟಲಿನಲ್ಲಿ ಒಂದೇ ಸಮ ಅದ್ದಿ ಅಂಟಿಸಿದೆ. ಕೂತೆ.

ಎಸಳುಗಳೂ ಕೂತವು. ಹತ್ತು ನಿಮಿಷ, ಹದಿನೈದು ನಿಮಿಷ. ದೇವರು ಎರಡನ್ನೂ ಭುಜದ ಮೇಲೆ ಹೊತ್ತು ನನ್ನನ್ನೇ ನೋಡುತ್ತಿದ್ದ. ಹಾನಗಲ್ಲಿನ ಬಸ್ಸಿಗೆ ಹೊತ್ತಾಗಿತ್ತು. ಪಡಸಾಲೆಯಲ್ಲಿ ರೇಣುಕಾ ಚಪ್ಪಲಿ ಮೆಟ್ಟಿ, ಬಿಚ್ಚಿ, ಮತ್ತೆ ಮೆಟ್ಟುವ ಸದ್ದು. ನನ್ನ ಬಾಯಲ್ಲಿ "ಏಳುಕೋಟಿ" ಒಣಗಿತ್ತು. ಹಿಂದೆ ಮಾವನವರ ಕೋಲಿನ ಸದ್ದು ಕೇಳಿತು.

"ಹೋದ ಸಲ ಬಲಗಡಿ ಎಸಳಿಗೆ ಸೆರಗು ಹಚ್ಚಿದ್ದಿ," ಎಂದರು ಅವರು. "ಈ ಸಲ ಯಾಕ ಎರಡೂ ಬರೋಬ್ಬರಿ ತೋಯಿಸೀದಿ? ಬಸ್ ತಪ್ಪತೈತಿ."

ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. "ನೋಡಿದ್ರೇನ್ರಿ ಮಾವಾರ?"

"ನಿಮ್ಮತ್ತಿನೂ ಸೆರಗ ಹಚ್ಚತಿದ್ಲು. ನಿನ್ನ ಈ ಮನಿಗೆ ತರೂದಕ್ಕ ಹೂ ಕೇಳಿದಾಗನೂ ಹಚ್ಚಿದ್ಲು. ನಾ ಹಿಂದ ಕುಂತಿದ್ದೆ." ಕೋಲು ಗೋಡೆಗೊರಗಿಸಿ, ಬಗ್ಗಿ, ಹೆಗಲ ಮೇಲಿನ ವಲ್ಲಿಯ ತುದಿಯನ್ನು ಬಲಗಡೆಯ ಎಸಳಿಗೆ ಒಮ್ಮೆ ಒತ್ತಿ ತೆಗೆದರು. ನಾವಿಬ್ಬರೂ ಕೈಮುಗಿದು ಕಾದೆವು. ಎಸಳು ಬಿತ್ತು. "ಹೂಂ ಅಂದ," ಎಂದು ಮಾವನವರು ಗಂಭೀರವಾಗಿ ಭಂಡಾರ ಹಚ್ಚಿಕೊಂಡರು. ಆಮೇಲೆ, "ಬಿಲ್ಲು ನಾನ ಹಿಡಕೊಂಡು ಬರ್ತೇನಿ. ದೇವರ ಸಾಮಾನು, ಬಸ್ಸಿನ್ಯಾಗ ಯಾರರ ತುಳದಾರು," ಎಂದರು.

ಹಾನಗಲ್ಲಿನಲ್ಲಿ ನಾಲ್ಕು ಜನರನ್ನು ಆರಿಸಿದರು. ರೇಣುಕಾ ನಾಲ್ಕನೆಯವಳು. ಮೂರನೆಯವಳಾಗಿದ್ದರೆ ಇನ್ನಿಷ್ಟು ಹಿಗ್ಗುತ್ತಿದ್ದೆನೋ ಏನೋ, ಆದರೆ ಐದನೆಯವಳಾಗಲಿಲ್ಲವಲ್ಲ. ನನ್ನ ದೇವರು ಯಾವಾಗಲೂ ಹೀಗೆಯೇ, ಬೇಕಾದಷ್ಟೇ ಕೊಡುತ್ತಾನೆ, ತಾಟಿನ ಅಂಚಿಗೆ. ಹೆಸರು ಕೂಗಿದಾಗ ಅವಳು ಎರಡೂ ಕೈ ಮೇಲೆತ್ತಿದಳು. ಅಷ್ಟು ಉದ್ದದ ಕೈಗಳು ಮೈದಾನದಲ್ಲಿ ಬೇರೆ ಯಾರಿಗೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರು, "ಅಜ್ಜಾ, ಏನ್ರಿ ಅದು ಉದ್ದಂದು? ಮ್ಯಾಲಿಡ್ರಿ," ಎಂದ. ಮಾವನವರು ಸೀರೆಯಲ್ಲಿ ಸುತ್ತಿದ ಬಿಲ್ಲನ್ನು ಎದೆಗೆ ಹಿಡಿದುಕೊಂಡು ಗಂಟಲು ಸರಿಮಾಡಿಕೊಂಡರು. ಮೂರು ವಾರದಿಂದ ಕೇಳದಿದ್ದ ಆ ಸದ್ದು ಕೇಳಿ ನಾನು ಸೀಟಿನಲ್ಲಿ ಸರಿಯಾಗಿ ಕೂತೆ.

"ಇದ ಬಿಲ್ಲಿಲೆ ನಮ್ಮಜ್ಜ ಹಿರೇಕೆರೂರ ಗುಡ್ಡದಾಗ ಹುಲಿ ಕೆಡವಿದ್ದ, ತಮ್ಮಾ. ಐದು ಮಂದಿ ಜಗ್ಗಿದ್ರೂ ಬರ್ತಿದ್ದಿಲ್ಲ. ಅಂಥಾ ಬಿಲ್ಲನ್ನ ನಮ್ಮ ಸೊಸಿ, ಅಲ್ಲಿ ಕುಂತಾಳ ನೋಡು, ಇಪ್ಪತ್ನಾಕು ವರ್ಷ ಎಣ್ಣಿ ಹಚ್ಚಿ ಪಳಗಿಸಿದ್ಲು."

ಬಸ್ಸಿನವರೆಲ್ಲ ನನ್ನ ಕಡೆ ತಿರುಗಿದರು. ನಾನು ದಾರಿಗೆಂದು ಕಟ್ಟಿಕೊಂಡಿದ್ದ ಸವಣೂರಿನ ಖಾರದ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದೆ.

ಈಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಾನೇ ಬಿಲ್ಲಿನ ಹೆದೆ ಇಳಿಸುತ್ತೇನೆ. ಮನೆಗೆ ಇದುವರೆಗೆ ಏನೂ ಕೆಟ್ಟದ್ದಾಗಿಲ್ಲ. ಕಥೆಯೂ ನಡೆದಿದೆ. ಮೊನ್ನೆ ಬಂದವರ ಮುಂದೆ ಮಾವನವರು ನಾನು ನಲವತ್ತು ವರ್ಷ ಎಣ್ಣೆ ಹಚ್ಚಿದೆನೆಂದರು. ನನಗೆ ಆಗಿರುವುದೇ ನಲವತ್ತಾರು. ತಿದ್ದಲು ಬಾಯಿ ತೆರೆದವಳು, ಹಂದಿಯ ನೆನಪಾಗಿ ಸುಮ್ಮನಾದೆ. ಅದಕ್ಕೂ ಪಟ್ಟೆ ಮೂಡಲು ಇಪ್ಪತ್ತು ವರ್ಷ ಹಿಡಿದಿತ್ತು.